ಇನ್ನೂ ಸ್ವಲ್ಪ ಹಗುರ

ಜನವರಿ 9

ಪ್ರೀತಿಯ ಅಕ್ಕನಿಗೆ,

ಈ ಪತ್ರ ಓದಿ ಮುಗಿಸುವ ತನಕ ಜೊತೆಗಿರುವ ಪೆಟ್ಟಿಗೆ ತೆರೆಯಬೇಡ ಎಂದು ಬರೆಯಬೇಕೆಂದಿದ್ದೆ. ಆದರೆ ನೀನು ಆಗಲೇ ಅದಕ್ಕೆ ಕತ್ತರಿ ಹಾಕಿರುತ್ತೀಯ. ಒಳಗಿರುವುದು ಟಾರ್ಚ್ ಅಲ್ಲ, ಭಾವನಿಗೂ ಹೇಳು. ಅದು ಸೂಜಿಯಿಲ್ಲದ ಇಂಜೆಕ್ಷನ್. ನಾನು ಇಷ್ಟು ವರ್ಷ ಇಲ್ಲಿ ಕೂತು ಏನು ಮಾಡುತ್ತಿದ್ದೇನೆ ಎಂದು ಕೇಳುತ್ತಿದ್ದೆಯಲ್ಲ, ಇದನ್ನೇ.

ಒಳಗೆ ಒಂದು ಗಟ್ಟಿ ಸ್ಪ್ರಿಂಗ್ ಇದೆ. ಹಿಂದಿನ ಹಿಡಿ ತಿರುಗಿಸಿ ಅದನ್ನು ಬಿಗಿ ಮಾಡಬೇಕು. ಮೂತಿಯಲ್ಲಿ ಕೂದಲೆಳೆಯಷ್ಟು ಸಣ್ಣ ತೂತು. ತೊಡೆಗೆ ನೆಟ್ಟಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಇನ್ಸುಲಿನ್ ಆ ತೂತಿನಿಂದ ಎಷ್ಟು ರಭಸವಾಗಿ ಹೊರಡುತ್ತದೆಂದರೆ, ಚರ್ಮ ದಾಟಿ ಒಳಗೆ ಹೋದದ್ದು ಗೊತ್ತೇ ಆಗುವುದಿಲ್ಲ. ಒಂದು ಮಾತು ನೆನಪಿಡು. ಮೂತಿಯನ್ನು ತೊಡೆಗೆ ಗಟ್ಟಿಯಾಗಿ ಒತ್ತದಿದ್ದರೆ ಗುಂಡಿ ಕೆಲಸ ಮಾಡದಂತೆ ಒಳಗೊಂದು ಬೀಗವಿದೆ. ಮೂತಿ ಜಾರಿದರೆ ಅದೇ ಔಷಧಿ ಬ್ಲೇಡಿನ ಹಾಗೆ ಚರ್ಮ ಕೊಯ್ಯುತ್ತದೆ, ಅದಕ್ಕೇ ಈ ಬೀಗ.

ಪರೀಕ್ಷೆಗೆ ಒಪ್ಪಿದವರ ಪೈಕಿ ನಿನ್ನನ್ನೂ ಸೇರಿಸಿದ್ದೇನೆ, ನಿನ್ನ ಡಾಕ್ಟರ ಒಪ್ಪಿಗೆಯೂ ಬಂದಿದೆ. ಹೇಗಿದೆ ಎಂದು ಪತ್ರದಲ್ಲೇ ಬರೆ. ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೆ ಬಿಡೇ" ಅಂತೀಯ. ಬರೆಯಲು ಕೂತರೆ ಮಾತ್ರ ಬೈತೀಯ, ನನಗೆ ಬೇಕಾಗಿರುವುದು ನಿನ್ನ ಬೈಗುಳ.

ಅಮ್ಮ ಸೂಜಿ ಹಿಡಿದು, "ಮೂರು ಅಂದ ಮೇಲೆ ಚುಚ್ತೀನಿ" ಎಂದು ಎಣಿಸುತ್ತಿದ್ದದ್ದು ನೆನಪಿದೆಯಾ? ಯಾವತ್ತೂ ಎರಡಕ್ಕೇ ಚುಚ್ಚಿಬಿಡುತ್ತಿದ್ದಳು. ನಾನು ನಿನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದೆ. ಇನ್ನು ಯಾರೂ ಎಣಿಸಬೇಕಾಗಿಲ್ಲ.

ನಿನ್ನ,
ಸ್ಕ್ರೂ


ಫೆಬ್ರವರಿ 2

ನನ್ನ ಸಡಿಲ ಸ್ಕ್ರೂಗೆ,

ಕತ್ತರಿ ಹಾಕಿದ್ದು ನಿಜ. ಭಾವ ಟಾರ್ಚ್ ಅಂದುಕೊಂಡಿದ್ದೂ ನಿಜ, ಸೆಲ್ ಹಾಕುವ ಜಾಗ ಹುಡುಕುತ್ತಿದ್ದರು.

ಮೊದಲ ಸಲ ಗುಂಡಿ ಒತ್ತಿದಾಗ ಅದು "ಠಪ್" ಅಂದ ಸದ್ದಿಗೆ ಅವರು ಕಾಫಿ ಲೋಟ ಕೈಬಿಟ್ಟರು. ನನಗೆ ಏನೂ ಗೊತ್ತಾಗಲಿಲ್ಲ. ಯಾರೋ ಬೆರಳಿನಿಂದ ಚಿಮ್ಮಿದ ಹಾಗಾಯಿತು, ಅಷ್ಟೆ. ಇಷ್ಟು ವರ್ಷ ದಿನಾ ಚುಚ್ಚಿಸಿಕೊಂಡು ತೊಡೆಯೆಲ್ಲ ಗಂಟುಗಂಟಾಗಿದೆ, ನಿನಗೆ ಗೊತ್ತು. ದಿನವಿಡೀ ಅಂಗಡಿಯಲ್ಲಿ ಸೂಜಿ ಹಿಡಿದು ಬದುಕುವವಳು, ಮನೆಗೆ ಬಂದು ಒಂದು ಸೂಜಿಗೆ ಹೆದರುತ್ತಿದ್ದೆ ಎಂದರೆ ಯಾರು ನಂಬುತ್ತಾರೆ? ಮುರಿದ ಹಲ್ಲು ಕಾಣುವ ಹಾಗೆ ನಕ್ಕೆ. ಆ ಹಲ್ಲು ಬಾಗಿಲು ಬಡಿದು ಮುರಿದವಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ಸ್ವಲ್ಪ ಅತ್ತೆ. ಅಮ್ಮ ಇರಬೇಕಿತ್ತು ಅನ್ನಿಸಿತು.

ಬೈಗುಳ ಬೇಕು ಅಂದೆಯಲ್ಲ, ಒಂದಿದೆ. ಭಾರ. ಎತ್ತಿ ಹಿಡಿದು ಗುಂಡಿ ಅದುಮುವ ಹೊತ್ತಿಗೆ ಕೈ ನಡುಗುತ್ತದೆ. ಇನ್ನೂ ಸ್ವಲ್ಪ ಹಗುರ ಮಾಡಲು ಆಗುತ್ತದಾ ನೋಡು.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಕ್ಕ


ಮಾರ್ಚ್ 20

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರವನ್ನು ನಮ್ಮ ಮುಖ್ಯಸ್ಥರಿಗೆ ಓದಿ ಹೇಳಿದೆ. ಲೋಟ ಬಿದ್ದ ಭಾಗ ಬಿಟ್ಟು. ಅವರು ಬಹಳ ಖುಷಿಪಟ್ಟರು. ಪರೀಕ್ಷೆಗೆ ಒಪ್ಪಿದ ಬೇರೆಯವರೆಲ್ಲ ಫಾರಂನಲ್ಲಿ "ತೃಪ್ತಿಕರ" ಎಂದು ಗೀಚಿ ಕಳಿಸುತ್ತಾರೆ, ಕೈ ನಡುಗುತ್ತದೆ ಎಂದು ಯಾರೂ ಬರೆಯುವುದಿಲ್ಲವಂತೆ.

ಆದ್ದರಿಂದ ಇದು ಎರಡನೆಯದು. ಉಕ್ಕಿನ ಮೈ ತೆಗೆದು ಅಲ್ಯೂಮಿನಿಯಂ ಹಾಕಿದ್ದೇವೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಒಳಗಿನ ಸ್ಪ್ರಿಂಗ್ ಗೂಳಿಯ ಹಾಗೆ ಗುದ್ದುತ್ತದೆ, ಮೈ ತೆಳುವಾದರೆ ಸೀಳಿಹೋಗುತ್ತದೆ. ಗಟ್ಟಿಯೂ ಇರಬೇಕು, ಹಗುರವೂ ಇರಬೇಕು ಎನ್ನುವುದು ಅತ್ತೆಯೂ ಮೆಚ್ಚಬೇಕು, ಸೊಸೆಯೂ ಮೆಚ್ಚಬೇಕು ಅಂದ ಹಾಗೆ. ಪರೀಕ್ಷೆಯ ಬೆಂಚಿನ ಮೇಲೆ ಎಷ್ಟೋ ಮೈಗಳು ಬಿರುಕುಬಿಟ್ಟವು. ಪ್ರತಿ ಸಲವೂ ನಿನ್ನ ಕೈ ನೆನಪಾಗಿ ಮತ್ತೆ ಕೂತೆ.

ಮೊದಲನೆಯದನ್ನು ವಾಪಸ್ ಕಳಿಸು, ಒಳಗೆ ಎಲ್ಲಿ ಸವೆದಿದೆ ನೋಡಬೇಕು. ರಜೆ ಹಾಕಿ ಬರಬೇಕೆಂದು ತುಂಬ ಆಸೆ. ಆದರೆ ವರ್ಷದ ಕೊನೆಯೊಳಗೆ ಅಂತಿಮ ನಕ್ಷೆ ಒಪ್ಪಿಸಬೇಕು, ಈಗ ಎದ್ದರೆ ಎಲ್ಲ ಕೆಡುತ್ತದೆ.

ಸ್ಕ್ರೂ


ಏಪ್ರಿಲ್ 14

ಸ್ಕ್ರೂ ಮರಿಗೆ,

ಅಕ್ಷರ ದಪ್ಪದಪ್ಪ ಕಂಡರೆ ಗಾಬರಿಯಾಗಬೇಡ. ಬಾಲ್ ಪೆನ್ನು ಎಲ್ಲೋ ಬಿದ್ದುಹೋಗಿದೆ, ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಇದು ಕಾಗದದ ಮೇಲೆ ತಾನಾಗಿಯೇ ಓಡುತ್ತದೆ, ಚೆನ್ನಾಗಿದೆ.

ಹೊಸದು ನೋಡಲು ಮುದ್ದಾಗಿದೆ. ಆದರೂ ಭಾರವೇ, ತಾಯಿ. ಅದಕ್ಕಿಂತ ಹೆಚ್ಚಾಗಿ ಆ ಹಿಂದಿನ ಹಿಡಿ ತಿರುಗಿಸುವುದು ಕಷ್ಟ. ಬಿಗಿ ಮಾಡಲು ಭಾವನನ್ನೇ ಕರೆಯಬೇಕು. ವಯಸ್ಸಾದವರು ಒಂಟಿಯಾಗಿದ್ದರೆ ಏನು ಮಾಡುತ್ತಾರೆ? ಯೋಚನೆ ಮಾಡು.

ಅಂಗಡಿಯ ಸುದ್ದಿ ಕೇಳು. ಯಜಮಾನರು ನನ್ನನ್ನು ಕಟಿಂಗ್ ಮೇಜಿನಿಂದ ಮುಂದಿನ ಕೌಂಟರಿಗೆ ಹಾಕಿದ್ದಾರೆ. ಗಿರಾಕಿಗಳ ಜೊತೆ ಮಾತಾಡುವುದು, ಬಟ್ಟೆ ತೋರಿಸುವುದು. ಆ ದೊಡ್ಡ ಕತ್ತರಿಯಿಂದ ಬಿಡುಗಡೆ. ಸಂಬಳ ಅಷ್ಟೇ, ಕುರ್ಚಿ ಮಾತ್ರ ಮೆತ್ತಗಿದೆ. ನಿನ್ನ ಕೋಟು ಕತ್ತರಿಸಿಟ್ಟಿದ್ದೆ, ಅದನ್ನು ಇನ್ನೊಬ್ಬರ ಕೈಯಲ್ಲಿ ಹೊಲಿಸಿ ಕಳಿಸುತ್ತೇನೆ. ಹೊಲಿಗೆ ಸೊಟ್ಟಗಿದ್ದರೆ ನನ್ನನ್ನು ಬೈಯಬೇಡ.

ನೀನು ಬರುವುದೇನೂ ಬೇಡ. ಕೆಲಸ ಮುಗಿಸಿಕೊಂಡೇ ಬಾ.

ಅಕ್ಕ


ಜೂನ್ 30

ಪ್ರೀತಿಯ ಅಕ್ಕನಿಗೆ,

ಬಡ್ತಿಗೆ ಅಭಿನಂದನೆಗಳು! ಮುಖ್ಯಸ್ಥರಿಗೂ ಹೇಳಿದೆ, ಅಕ್ಕ ಈಗ ಕುರ್ಚಿಯ ಮೇಲೆ ಕೂತು ಆಳುತ್ತಿದ್ದಾಳೆ ಎಂದು. ಕೋಟು ಬಂತು. ಬೆಚ್ಚಗಿದೆ, ಅಳತೆ ಸರಿಯಾಗಿದೆ.

ತಡವಾಯಿತು, ಕ್ಷಮಿಸು. ಈಗ ಕಳಿಸಿರುವ ಮೂರನೆಯದನ್ನು ಕೈಯಲ್ಲಿ ಹಿಡಿದು ನೋಡು, ಹಿಡಿದದ್ದು ಮರೆತುಹೋಗುವಷ್ಟು ಹಗುರ. ಮೈಗೆ ಲೋಹವೇ ಇಲ್ಲ. ಕಾರ್ಬನ್ ನಾರುಗಳನ್ನು ಬಟ್ಟೆಯ ಹಾಗೆ ಹೆಣೆದು, ಗೋಂದಿನಂಥ ರಾಳದಲ್ಲಿ ಅದ್ದಿ, ಸುತ್ತಿ, ಬೇಯಿಸಿದ್ದೇವೆ. ನಾರು ಯಾವ ಕಡೆಗೆ ಓಡಬೇಕು ಎಂದು ನಿರ್ಧರಿಸುವಾಗ ಬಟ್ಟೆಯ ಓರೆ ಕಟಿಂಗ್ ಬಗ್ಗೆ ನೀನು ಹೇಳಿಕೊಟ್ಟದ್ದೇ ನೆನಪಿಗೆ ಬಂತು. ಓರೆಗೆ ಎಳೆದರೆ ಬಟ್ಟೆ ಜಗ್ಗುತ್ತದೆ, ಎಳೆತ ಬೀಳುವ ಕಡೆಗೆ ಎಳೆ ಇರಬೇಕು. ಬಿಗಿ ಮಾಡಲು ಹಿಡಿಯ ಬದಲು ಉದ್ದನೆಯ ಸನ್ನೆಕೋಲು ಕೊಟ್ಟಿದ್ದೇನೆ, ಅಂಗೈಯಿಂದ ಒತ್ತಿದರೆ ಸಾಕು. ಒಂದೇ ತೊಂದರೆ, ಮೈ ಹಗುರವಾದಷ್ಟೂ ಅದು ಹಿಂದಕ್ಕೆ ಒದೆಯುತ್ತದೆ. ಭಾರದ್ದಾದರೆ ಆ ಒದೆತವನ್ನು ತಾನೇ ನುಂಗಿಕೊಳ್ಳುತ್ತಿತ್ತು. ಆದ್ದರಿಂದ ಗಟ್ಟಿಯಾಗಿ ಹಿಡಿದುಕೋ.

ಮತ್ತೆ, ನೀನು ವಾಪಸ್ ಕಳಿಸಿದ ಎರಡನೆಯದರ ಮೂತಿಯ ಮುಚ್ಚಳದ ಮೇಲೆಲ್ಲ ಹಲ್ಲಿನ ಗುರುತು! ಮನೆಯಲ್ಲಿ ಇಲಿಯಾ, ಭಾವನಾ?

ಸ್ಕ್ರೂ


ಜುಲೈ 19

ಸ್ಕ್ರೂಗೆ,

ಪಕ್ಕದ ಮನೆಯವರು ನಾಯಿಮರಿ ತಂದಿದ್ದಾರೆ. ಸಿಕ್ಕಿದ್ದೆಲ್ಲ ಕಚ್ಚುತ್ತದೆ. ಮುಚ್ಚಳ ಅದರದ್ದೇ ಕೆಲಸ.

ಇದು ನಿಜವಾಗಿಯೂ ಹಗುರ. ಸನ್ನೆಯೂ ಪರವಾಗಿಲ್ಲ. ಆದರೆ ಬೀಗ ಬಿಡುವುದೇ ಇಲ್ಲ. ಎಷ್ಟು ಒತ್ತಿದರೂ ಗುಂಡಿ ಅಲ್ಲಾಡುವುದಿಲ್ಲ. ಬೀಗ ಸ್ವಲ್ಪ ಸಡಿಲವಾಗಿದ್ದರೆ ಒಳ್ಳೆಯದಿತ್ತು.

ಹೆಚ್ಚು ಬರೆಯಲು ಈಗ ಹೊತ್ತಿಲ್ಲ, ಅಂಗಡಿಯಲ್ಲಿ ಮದುವೆ ಬಟ್ಟೆಗಳ ಗಲಾಟೆ.

ಅಕ್ಕ


ಆಗಸ್ಟ್ 5

ಅಕ್ಕ,

ಈ ಪೆಟ್ಟಿಗೆಯೊಳಗಿರುವುದನ್ನು ಯಾರಿಗೂ ತೋರಿಸಬೇಡ. ನಿನಗೊಬ್ಬಳಿಗೇ ಎಂದು ಬೀಗದ ಸ್ಪ್ರಿಂಗ್ ಬದಲಿಸಿದ್ದೇನೆ, ಮುಖ್ಯಸ್ಥರಿಗೂ ಹೇಳಿಲ್ಲ. ಈಗ ಮೆಲ್ಲಗೆ ಒತ್ತಿದರೂ ಗುಂಡಿ ಬಿಡುತ್ತದೆ. ಒತ್ತುವಾಗ ಇನ್ನೊಂದು ಕೈಯನ್ನೂ ಆಸರೆಗೆ ಕೊಡು, ಜಾರದ ಹಾಗೆ ನೋಡಿಕೋ.

ಬೇರೆ ಯಾರೂ ಬೀಗದ ಬಗ್ಗೆ ದೂರಿಲ್ಲ. ಆದರೆ ಅವರಿಗೇನು, ನಿನ್ನಷ್ಟು ನಾಜೂಕು ಅವರಿಗೆಲ್ಲಿ ಬರಬೇಕು. ನನ್ನ ಅಕ್ಕನಿಗೆ ಒಗ್ಗಿದರೆ ಲೋಕಕ್ಕೇ ಒಗ್ಗಿದ ಹಾಗೆ.

ಹೇಗಿತ್ತು ಎಂದು ಬೇಗ ಬರೆ.

ಸ್ಕ್ರೂ


ಆಗಸ್ಟ್ 28

ಸ್ಕ್ರೂಗೆ,

ತುಂಬ ಚೆನ್ನಾಗಿದೆ. ಯಾವ ದೂರೂ ಇಲ್ಲ. ಇನ್ನು ಇದೇ ಸಾಕು, ಬೇರೆ ಕಳಿಸಬೇಡ.

ಅಕ್ಕ


ಸೆಪ್ಟೆಂಬರ್ 12

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಸಾಲಿನ ಪತ್ರವನ್ನು ಎಷ್ಟು ಸಲ ಓದಿದೆನೋ! ನಿನ್ನ ಬಾಯಲ್ಲಿ "ಯಾವ ದೂರೂ ಇಲ್ಲ" ಎಂದು ಬರುವುದೆಂದರೇನು. ಅಂಗಡಿಯಲ್ಲಿ ಎಂಥ ಹೊಲಿಗೆ ತಂದುಕೊಟ್ಟರೂ ಒಂದು ನೂಲು ಎಳೆದು ತೋರಿಸುವವಳು ನೀನು.

ತಡೆಯಲಾಗದೆ ಮುಖ್ಯಸ್ಥರ ಮುಂದೆ ಎಲ್ಲ ಹೇಳಿಬಿಟ್ಟೆ. ಹೇಳದೆ ಬೀಗ ಬದಲಿಸಿದ್ದಕ್ಕೆ ಬೈದರು. ಆಮೇಲೆ ನಿನ್ನ ಪತ್ರ ತೋರಿಸಿದೆ. ಮೊದಲಿನಿಂದ ನಿನ್ನ ಪ್ರತಿಯೊಂದು ದೂರೂ ಸರಿಯಾಗಿತ್ತು ತಾನೇ, ಆದ್ದರಿಂದ ಈ ಸಲ ನಿನ್ನ ಮೆಚ್ಚುಗೆಯೂ ಸರಿಯಾಗಿರಲೇಬೇಕು ಎಂದರು. ಬೆಂಚಿನ ಮೇಲೆ ಇಟ್ಟು ನೋಡಿದರೆ ಸಡಿಲ ಬೀಗದ್ದೂ ಜಾರುವುದಿಲ್ಲ. ಬೆಂಚಿನಲ್ಲಿ ಅದನ್ನು ಹಿಡಿಯುವ ಕೈ ಕಬ್ಬಿಣದ್ದು, ನಡುಗುವುದಿಲ್ಲ, ಅದೂ ಗೊತ್ತಿದೆ. ಆದರೆ ನೀನು ಬಳಸಿ ನೋಡಿದ್ದೀಯಲ್ಲ.

ಆದ್ದರಿಂದ ಮುಂದಿನ ತಿಂಗಳು ಅಂತಿಮ ನಕ್ಷೆಗೆ ಸಡಿಲ ಬೀಗವೇ ಹೋಗುತ್ತದೆ. ಒಮ್ಮೆ ಅಚ್ಚು ಕೊಯ್ದರೆ ಮುಗಿಯಿತು, ಸಾವಿರಾರು ತಯಾರಾಗುತ್ತವೆ. ಶಾಲೆಯ ಮಕ್ಕಳಿಗೆ, ಮುದುಕರಿಗೆ, ಎಲ್ಲರಿಗೂ. ಎಲ್ಲವೂ ನಿನ್ನ ಕೈಯ ಅಳತೆಗೆ ಮಾಡಿದವು, ಅಕ್ಕ. ನನಗೆ ಬಹಳ ಹೆಮ್ಮೆಯಾಗುತ್ತಿದೆ.

ನಿನ್ನ,
ಸ್ಕ್ರೂ


ಸೆಪ್ಟೆಂಬರ್ 24

ನನ್ನ ಸ್ಕ್ರೂಗೆ,

ಇದು ಭಾವನ ಅಕ್ಷರ. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ಹೀಗಾಗಿ ಈ ಪತ್ರದಲ್ಲಿ ಅವರನ್ನು ಬೈಯುವ ಹಾಗಿಲ್ಲ.

ಮೊದಲು ಕೆಲಸದ ಮಾತು. ಆ ಬೀಗ ಸಡಿಲ ಮಾಡಬೇಡ. ಇದನ್ನು ಓದಿದ ಕೂಡಲೇ ಎದ್ದು ಹೋಗಿ ನಿಮ್ಮ ಮುಖ್ಯಸ್ಥರಿಗೆ ಹೇಳು. ನೀನು ಕಳಿಸಿದ್ದು ಜಾರಿತು. ಗುಂಡಿ ಮುಟ್ಟಿದ ಕೂಡಲೇ ಬಿಟ್ಟುಕೊಂಡಿತು, ಹಿಂದಕ್ಕೆ ಒದೆಯಿತು, ತೊಡೆ ಉದ್ದಕ್ಕೆ ಕೊಯ್ದುಕೊಂಡಿತು. ಹೊಲಿಗೆ ಹಾಕಿಸಬೇಕಾಯಿತು. ಹೊಲಿಗೆ ಸೊಟ್ಟಗಿತ್ತು, ಡಾಕ್ಟರಿಗೆ ಹಾಗೆಂದು ಹೇಳಿಯೂಬಿಟ್ಟೆ. ನನಗಾದದ್ದು ನನಗೆ ಇರಲಿ ಎಂದು ಸುಮ್ಮನಿದ್ದೆ. ನೀನು ಮಕ್ಕಳ ಮಾತು ಬರೆದ ಮೇಲೆ ಭಾವನಿಗೆ ಪೆನ್ನು ಹಿಡಿಯಲು ಹೇಳಿದೆ.

ಈಗ ಇನ್ನೊಂದು ಮಾತು. ನಿನ್ನ ಉಪಕರಣ ಯಾವತ್ತೂ ಭಾರವಾಗಿರಲಿಲ್ಲ. ಮೊದಲನೆಯದೂ ಭಾರವಾಗಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಡೊಂಕು ಎಂದೆ, ನೀನು ಪಾಪ, ನೆಲ ಅಗೆದು ಅಗೆದು ಸಮ ಮಾಡುತ್ತಾ ಕೂತೆ.

ಚಳಿಗಾಲದಲ್ಲಿ ಮೊದಲು ಕತ್ತರಿ ಕೈಯಿಂದ ಜಾರಿತು. ಆಮೇಲೆ ಸೂಜಿ. ಏಪ್ರಿಲ್ ಹೊತ್ತಿಗೆ ಕೀಲಿ ತಿರುಗಿಸಲು ಆಗುತ್ತಿರಲಿಲ್ಲ. ಯಜಮಾನರು ಕೌಂಟರಿಗೆ ಕೂರಿಸಿದ್ದು ಕರುಣೆಯಿಂದ, ಜುಲೈಯಲ್ಲಿ ಅದೂ ಮುಗಿಯಿತು. ಮದುವೆ ಬಟ್ಟೆಯ ಗಲಾಟೆ ಎಂದು ಬರೆದಾಗ ನಾನು ಮನೆಯಲ್ಲೇ ಕೂತಿದ್ದೆ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದ್ದಾಯಿತು. ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲವಂತೆ. ನರಗಳು ಒಂದೊಂದಾಗಿ ಸೋತು, ಸ್ನಾಯುಗಳಿಗೆ ಅಪ್ಪಣೆ ಹೋಗುವುದು ನಿಲ್ಲುವ ಕಾಯಿಲೆ. ಮೊದಲು ಕೈ, ಆಮೇಲೆ ಕಾಲು, ನುಂಗುವುದು, ಕೊನೆಗೆ ಉಸಿರು. ಇದಕ್ಕೆ ಔಷಧಿಯಿಲ್ಲ, ಸೂಜಿಯಿಂದಲೂ ಇಲ್ಲ, ಸೂಜಿಯಿಲ್ಲದೆಯೂ ಇಲ್ಲ. ಈಗ ಇನ್ಸುಲಿನ್ನನ್ನು ಭಾವ ಹಳೆಯ ಸೂಜಿಯಲ್ಲೇ ಕೊಡುತ್ತಾರೆ. ಚುಚ್ಚುವುದು ನನಗೆ, ಕಣ್ಣು ಮುಚ್ಚಿಕೊಳ್ಳುವುದು ಅವರು.

ಇಲ್ಲಿ ಅವರು ಬರೆಯುವುದು ನಿಲ್ಲಿಸಿ ಎದ್ದು ಹೋಗಿದ್ದರು. ಈಗ ಬಂದು ಕೂತಿದ್ದಾರೆ.

ನಮ್ಮ ಅಂಗಡಿಯಲ್ಲಿ ಯಾರಾದರೂ ಹಳೆಯ ಬಟ್ಟೆ ತಂದು ಬಿಗಿ ಎಂದರೆ, ಬಟ್ಟೆ ಬಿಚ್ಚುವ ಮೊದಲು ಅವರ ಮೈಗೆ ಟೇಪು ಹಿಡಿಯುತ್ತೇವೆ. ನೀನು ಟೇಪು ಹಿಡಿದುಕೊಂಡು ಬರುತ್ತೀಯೆಂಬ ಭಯಕ್ಕೇ ನಾನು ಸುಳ್ಳು ಬರೆದೆ. ನೀನು ಹಗುರ ಮಾಡಿ ಕಳಿಸಿದಾಗಲೆಲ್ಲ ಈ ಸಲ ಎತ್ತಬಹುದೇನೋ ಎಂದು ನನಗೂ ಆಸೆಯಾಗುತ್ತಿತ್ತು. ನಾನು ಸೋಲುತ್ತಿರುವುದು ನಿನ್ನ ಉಪಕರಣದ ತಪ್ಪು ಎಂದುಕೊಂಡರೆ ಒಂದಷ್ಟು ದಿನ ಕಳೆಯುತ್ತಿತ್ತು.

ಪಕ್ಕದ ಮನೆಯಲ್ಲಿ ನಾಯಿಮರಿಯಿಲ್ಲ.

ಅಕ್ಕ


ಅಕ್ಟೋಬರ್ 6

ಅಕ್ಕ,

ಬೀಗ ಮೊದಲಿನಂತೆ ಗಟ್ಟಿ ಮಾಡಿದೆವು. ನಿನ್ನ ಪತ್ರ ಬಂದ ದಿನವೇ. ತೊಡೆ ಕೊಯ್ದದ್ದನ್ನೂ ಬರೆದುಕೊಟ್ಟೆ, ತಪ್ಪು ನನ್ನದೆಂದೂ ಬರೆದುಕೊಟ್ಟೆ. ಮುಖ್ಯಸ್ಥರು ಓದಿ ಕಿಟಕಿಯ ಹತ್ತಿರ ಹೋಗಿ ನಿಂತರು. ಮೈಯೊಳಗೆ ಮೂತಿಯ ಹತ್ತಿರ ಸ್ವಲ್ಪ ತೂಕ ಸೇರಿಸಿದ್ದೇವೆ, ಒದೆತ ಕಡಿಮೆಯಾಗಲಿ ಎಂದು. ಸನ್ನೆ ಹಾಗೇ ಇರುತ್ತದೆ. ಒಂಟಿಯಾಗಿರುವ ಮುದುಕರ ಬಗ್ಗೆ ನೀನು ಬರೆದದ್ದು ಸುಳ್ಳಾಗಿರಲಿಲ್ಲ. ಪರೀಕ್ಷೆಗೆ ಒಪ್ಪಿದ ಒಬ್ಬ ಅಜ್ಜಿ ಯಾರ ಸಹಾಯವೂ ಇಲ್ಲದೆ ಬಿಗಿ ಮಾಡಿಕೊಂಡಳಂತೆ. ಅದನ್ನು ಕೇಳಿ ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ.

ನೀನು ಒಬ್ಬಳೇ ಸುಳ್ಳು ಬರೆದೆ ಎಂದುಕೊಂಡಿದ್ದೀಯ. ಕೇಳು. ಆ ಮುಚ್ಚಳ ಕೈಗೆ ಬಂದ ದಿನ ದೀಪದ ಕೆಳಗೆ ಹಿಡಿದು ನೋಡಿದ್ದೆ. ಹಲ್ಲಿನ ಸಾಲಿನಲ್ಲಿ ಮುಂದಿನ ಒಂದು ಹಲ್ಲಿನ ಗುರುತು ಓರೆಯಾಗಿ ಅರ್ಧಕ್ಕೇ ನಿಂತಿತ್ತು. ಆ ಹಲ್ಲು ಮುರಿದ ಬಾಗಿಲು ಬಡಿದವಳು ನಾನು. ನನಗೆ ಗೊತ್ತಾಗದೆ ಇರುತ್ತದಾ? ಕೈಯಲ್ಲಿ ತೆಗೆಯಲಾಗದೆ ಅಕ್ಕ ಬಾಯಲ್ಲಿ ಕಚ್ಚಿ ಎಳೆದಿದ್ದಾಳೆ ಎಂದು ತಿಳಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನೀನು ನನಗೆ ಕನ್ನಡಿಯನ್ನೇ ಕಳಿಸಿಕೊಟ್ಟಿದ್ದೆ, ನಾನು ಮುಖ ತಿರುಗಿಸಿ ಇಲಿಯ ಜೋಕು ಬರೆದೆ. ನೀನು ನಾಯಿಮರಿ ಎಂದಾಗ ಎಂಥ ಸಮಾಧಾನವಾಯಿತೆಂದರೆ, ಆ ನಾಯಿಮರಿಗೆ ಮನಸ್ಸಿನಲ್ಲೇ ಬಣ್ಣವನ್ನೂ ಕೊಟ್ಟಿದ್ದೆ.

ನಿನ್ನ ಕೈ ಸೋಲುತ್ತಿದೆ ಎಂದು ಒಪ್ಪಿಕೊಂಡರೆ ನನ್ನಿಂದ ಮಾಡಲು ಏನೂ ಉಳಿಯುತ್ತಿರಲಿಲ್ಲ. ಭಾರ ಎಂದರೆ ಅದಕ್ಕೆ ಉಪಾಯವಿತ್ತು. ಅದಕ್ಕೇ ಕೂತು ಹಗುರ ಮಾಡಿದೆ, ನಿನ್ನ ಬಳಿ ಬರಲಿಲ್ಲ.

ಈಗ ಬರುತ್ತಿದ್ದೇನೆ. ನಕ್ಷೆ ಒಪ್ಪಿಸಿ ಆಯಿತು, ರಜೆಯಲ್ಲ, ಅಲ್ಲೇ ಇರಲು ಬರುತ್ತಿದ್ದೇನೆ. ಇಲ್ಲಿನ ಕೆಲಸವನ್ನು ಆದಷ್ಟು ಅಲ್ಲಿಂದಲೇ ಮಾಡುತ್ತೇನೆ, ಆಗದಿದ್ದರೆ ಬಿಡುತ್ತೇನೆ. ಈ ವಿಷಯದಲ್ಲಿ ನಿನ್ನ ಬೈಗುಳ ಬೇಡ.

ಹಗುರವಾದದ್ದು ಯಾವುದನ್ನೂ ತರುತ್ತಿಲ್ಲ. ಮೊದಲನೆಯದನ್ನೇ ತರುತ್ತಿದ್ದೇನೆ, ಉಕ್ಕಿನದು. ಅದು ಒದೆಯುವುದಿಲ್ಲ, ಜಾರುವುದಿಲ್ಲ. ಭಾರವಿದ್ದರೆ ಇರಲಿ, ಹಿಡಿಯುವುದು ನಾನು ತಾನೇ. ಭಾವ ಇನ್ನು ಕಣ್ಣು ಬಿಟ್ಟುಕೊಂಡೇ ಇರಬಹುದು.

ಸ್ಕ್ರೂ


ಅಕ್ಟೋಬರ್ 18

ಸ್ಕ್ರೂಗೆ,

ಬೈಯಬೇಕೆಂದೇ ಇದ್ದೆ. ಆಗಲಿಲ್ಲ. ಬಾ.

ಮುಂದಿನ ಕೋಣೆಯ ಕಿಟಕಿಯ ಹತ್ತಿರ ಮಂಚ ಹಾಕಿಸಿದ್ದಾರೆ, ಅಲ್ಲಿಂದ ಬೀದಿ ಕಾಣುತ್ತದೆ. ನೀನು ಗಾಡಿಯಿಂದ ಇಳಿದು ಪೆಟ್ಟಿಗೆ ಎಳೆದುಕೊಂಡು ಬರುವುದು ನನಗೇ ಮೊದಲು ಕಾಣಿಸುತ್ತದೆ. ಕೈ ಬೀಸಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ನನ್ನನ್ನು ನೋಡಿದ ಕೂಡಲೇ ಅಳುವುದಾದರೆ ಅತ್ತುಬಿಡು, ಬಾಗಿಲ ಹೊರಗೆ ನಿಂತು ಮುಖ ಒರೆಸಿಕೊಂಡು ಬರಬೇಡ. ಈಗ ಮಾತು ಸ್ವಲ್ಪ ತೊದಲುತ್ತದೆ, ಈ ಪತ್ರ ಬರೆಸಲು ಬಹಳ ಹೊತ್ತು ಹಿಡಿಯಿತು. ಭಾವ ಪ್ರತಿ ಮಾತನ್ನೂ ಎರಡೆರಡು ಸಲ ಕೇಳುತ್ತಾರೆ.

ಆ ಭಾರದ್ದನ್ನು ತಪ್ಪದೆ ತಾ. ಅದರ ಸದ್ದು ಕೇಳಬೇಕು ಅನ್ನಿಸುತ್ತದೆ.

ಅಮ್ಮ ಎರಡಕ್ಕೇ ಯಾಕೆ ಚುಚ್ಚುತ್ತಿದ್ದಳು ಎಂದು ಈಗ ಅರ್ಥವಾಗುತ್ತದೆ. ನಾವು ಮೂರಕ್ಕೆ ಹೆದರದಿರಲಿ ಎಂದು. ನಾವಿಬ್ಬರೂ ಈ ವರ್ಷವಿಡೀ ಒಬ್ಬರಿಗೊಬ್ಬರು ಅದನ್ನೇ ಮಾಡಿಕೊಂಡೆವು.

ನೀನು ಬಂದ ಮೇಲೆ ಜೋರಾಗಿ ಎಣಿಸು. ಮೂರು ಅಂದ ಮೇಲೇ ಒತ್ತು.

ಅಕ್ಕ